ಅಕ್ಕಚ್ಚಿನ ಬಾಲ್ದಿ

ಈ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಅಡಿಗೆಮನೆಗೆ ಕಾಲಿಡುವ ಮೊದಲೇ ನನಗೆ ಗೊತ್ತಾಯಿತು, ಹಿಟ್ಟು ಕೆಟ್ಟಿದೆ ಎಂದು. ಇಡ್ಲಿ ಹಿಟ್ಟಿಗೆ ಹದವಾದ ಒಂದು ಹುಳಿ ಇದೆ. ಅದರ ವಾಸನೆಗೆ ಹಸಿವಾಗುತ್ತದೆ. ಹದ ಮೀರಿದ ಹುಳಿಯ ವಾಸನೆ ಬೇರೆ. ಅದು ಮೂಗಿನಲ್ಲಿ ನಿಲ್ಲದೆ ನೇರ ಗಂಟಲಿಗೆ ಇಳಿಯುತ್ತದೆ. ಫ್ರಿಜ್ಜು ಯಾವಾಗಲೋ ಕೈಕೊಟ್ಟಿತ್ತು. ಬಾಗಿಲು ತೆರೆದರೆ ಹಿಟ್ಟು ಉಕ್ಕಿ, ಡಬರಿಯ ಮುಚ್ಚಳವನ್ನು ಎತ್ತಿಕೊಂಡು ಹೊರಗೆ ಬಂದು, ಕೆಳಗಿನ ತರಕಾರಿಯ ಮೇಲೆಲ್ಲ ಹರಿದಿತ್ತು.

ಬೇರೆ ಯಾರಾದರೂ ಆದರೆ ಮೂಗು ಮುಚ್ಚಿಕೊಂಡು ಮೋರಿಗೆ ಸುರಿದು ಕೈ ತೊಳೆದುಕೊಳ್ಳುತ್ತಾರೆ. ನಾನೂ ಸುರಿದೆ. ಆದರೆ ಅದಕ್ಕೆ ಮೊದಲು ಸ್ವಲ್ಪ ಹೊತ್ತು ಅಲ್ಲೇ ಮಣೆಯ ಮೇಲೆ ಕುಳಿತುಬಿಟ್ಟೆ. ನನ್ನ ಪಾಲಿಗೆ ಆ ವಾಸನೆ ಹಿಟ್ಟಿನದಲ್ಲ, ಸಾಯುತ್ತಿರುವ ಒಂದು ಎಮ್ಮೆಯ ಬಾಯಿಯದು. ಆ ಎಮ್ಮೆ ಚಾಚಾರದು. ಹದಿನೈದು ವರ್ಷದ ಮೇಲಾಯಿತು... ಇನ್ನೂ ಮೂಗಿನಿಂದ ಹೋಗಿಲ್ಲ.

ಆಗ ನಾವು ಭಾಂಡುಪಿನಲ್ಲಿ ಗುಡ್ಡದ ಬುಡದ ಒಂದು ಚಾಳಿನಲ್ಲಿದ್ದೆವು. ನನ್ನ ಮನೆಯವರು ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಕ್ಯಾಶಿನಲ್ಲಿ ಕೂರುತ್ತಿದ್ದರು. ಬೆಳಗಿನ ಮೊದಲ ಲೋಕಲ್ ಹಿಡಿದು ಹೋದರೆ ಕತ್ತಲಾದ ಮೇಲೆಯೇ ಮನೆ. ನಾನು ಇಡ್ಲಿ, ದೋಸೆಯ ಹಿಟ್ಟು ರುಬ್ಬಿ ಸುತ್ತಲಿನ ಬಿಲ್ಡಿಂಗುಗಳಿಗೆ ಕೊಡುತ್ತಿದ್ದೆ. ಅಷ್ಟು ಅಕ್ಕಿ, ಉದ್ದು ತೊಳೆದರೆ ಅಷ್ಟೇ ಅಕ್ಕಚ್ಚು. ನಮ್ಮ ಕರಾವಳಿಯಲ್ಲಿ ಅಕ್ಕಿ ತೊಳೆದ ನೀರನ್ನು ಚೆಲ್ಲುವ ಹೆಂಗಸಿಗೆ ಸಂಸಾರ ಗೊತ್ತಿಲ್ಲ ಎನ್ನುತ್ತಾರೆ. ಅದು ಹಟ್ಟಿಯಲ್ಲಿರುವ ದನದ ಪಾಲು. ಮುಂಬಯಿಗೆ ಬಂದ ಹೊಸತರಲ್ಲಿ ಆ ಬೆಳ್ಳಗಿನ ನೀರನ್ನು ಮೋರಿಗೆ ಬಿಡುವಾಗಲೆಲ್ಲ ಯಾರದೋ ಬಾಯಿಂದ ಕಿತ್ತು ಚೆಲ್ಲಿದ ಹಾಗೆ ಆಗುತ್ತಿತ್ತು.

ಒಂದು ದಿನ ಹಾಗೆ ಹಿಂದಿನ ಕಿಟಕಿಯಿಂದ ಸುರಿಯುತ್ತಿದ್ದೆ. ಕೆಳಗಿನಿಂದ ಗಂಡು ಸ್ವರ ಬಂತು, ಅದೂ ಕನ್ನಡದಲ್ಲಿ.

"ಮುಸುರಿ ಚೆಲ್ಲಬ್ಯಾಡ್ರಿ ತಂಗಿ. ಈ ಕಡೆ ಕೊಡ್ರಿ, ನಮ್ಮ ಎಮ್ಮಿ ಕುಡೀತಾವ."

ಬಗ್ಗಿ ನೋಡಿದರೆ ಲುಂಗಿ ಉಟ್ಟ, ಬಿಳಿ ಗಡ್ಡದ ಮನುಷ್ಯ. ನಮ್ಮ ಚಾಳಿನ ಹಿಂದಿನ ಗೋಡೆಗೆ ತಗಡು ಇಳಿಬಿಟ್ಟು ಮೂರು ಎಮ್ಮೆ ಕಟ್ಟಿದ್ದವರು. ತಬೇಲಾ ಎಂದು ಕರೆಯುತ್ತಿದ್ದರೂ ಅದು ನಾಲ್ಕನೆಯ ಎಮ್ಮೆಗೆ ಜಾಗವಿಲ್ಲದ ಒಂದು ಚಪ್ಪರ, ಅಷ್ಟೆ. ಉತ್ತರದ ಭಯ್ಯಾ ಇರಬೇಕೆಂದು ನಾನು ಎಷ್ಟೋ ದಿನದಿಂದ ಅಂದುಕೊಂಡಿದ್ದೆ. ಕೇಳಿದರೆ ವಿಜಾಪುರ ಕಡೆಯ ಮುಸಲ್ಮಾನರು, ಮನೆಯಲ್ಲಿ ದಖನಿ ಉರ್ದು, ಹೊರಗೆ ಕನ್ನಡ. ಚಾಳಿನವರೆಲ್ಲ ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೊದಲ ದಿನ ಕೊಡಲೋ ಬೇಡವೋ ಎಂದು ನನ್ನ ಕೈ ಸ್ವಲ್ಪ ಹಿಂದೆ ಮುಂದೆ ನೋಡಿದ್ದು ನಿಜ, ಸುಳ್ಳು ಹೇಳುವುದಿಲ್ಲ. (ಸುಳ್ಳು ಹೇಳುವುದಿಲ್ಲ ಎಂದು ನಾನು ಬರೆಯುವುದೇ ಒಂದು ತಮಾಷೆ.) ಆಮೇಲೆ ನನಗೇ ನಗು ಬಂತು. ಕುಡಿಯುವುದು ಎಮ್ಮೆ, ಎಮ್ಮೆಗೆಲ್ಲಿಯ ಜಾತಿ?

ಮಾರನೆಯ ದಿನ ಚಾಚಾ ಒಂದು ನೀಲಿ ಪ್ಲಾಸ್ಟಿಕ್ ಬಾಲ್ದಿಗೆ ಹಗ್ಗ ಕಟ್ಟಿ ನನ್ನ ಕಿಟಕಿಯ ಸರಳಿಗೆ ಸಿಕ್ಕಿಸಿಟ್ಟರು. ನಾನು ತುಂಬಿಸಿ ಇಳಿಬಿಡುವುದು, ಅವರು ಬಿಚ್ಚಿಕೊಂಡು ಹೋಗುವುದು. ಬದಲಿಗೆ ಸಂಜೆ ಅದೇ ಹಗ್ಗದಲ್ಲಿ ಒಂದು ಲೋಟ ಹಾಲು ಮೇಲೆ ಬರುತ್ತಿತ್ತು. ಐದಾರು ವರ್ಷ ಈ ಕ್ರಮ ತಪ್ಪಲಿಲ್ಲ.

ಚಾಚಾ ಮೇವು ಹಾಕುವುದನ್ನು ನೋಡುವುದೇ ನನಗೊಂದು ಹೊತ್ತು ಹೋಗುವ ಕೆಲಸವಾಗಿತ್ತು. ಅವರು ಎಂದೂ ಹುಲ್ಲನ್ನು ರಾಶಿ ಹಾಕಿ ಎದ್ದು ಹೋದವರಲ್ಲ. ಒಣಹುಲ್ಲನ್ನು ಕುಡುಗೋಲಿನಲ್ಲಿ ಸಣ್ಣದಾಗಿ ಕತ್ತರಿಸಿ, ಉಪ್ಪು ನೀರು ಚಿಮುಕಿಸಿ, ಬೂಸಾ ಬೆರೆಸಿ, ಮೂರು ಪಾಲು ಮಾಡಿ, ಪ್ರತಿ ಪಾಲನ್ನೂ ಎರಡು ಕೈಯಲ್ಲಿ ಎತ್ತಿ ತೂಗಿ ನೋಡುತ್ತಿದ್ದರು. ತಕ್ಕಡಿ ಇಟ್ಟು ನೋಡಿದರೂ ಹೆಚ್ಚುಕಡಿಮೆ ಬರುತ್ತಿರಲಿಲ್ಲವೇನೋ. ಬಿಸಿಲು ಏರುವ ಮೊದಲು ಒಂದು ಸಲ, ಬಿಸಿಲು ಇಳಿದ ಮೇಲೆ ಒಂದು ಸಲ. ನಡುವೆ ಎಷ್ಟು ಕೂಗಿದರೂ ಒಂದು ಕಡ್ಡಿ ಇಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಹೊಟ್ಟೆ ತುಂಬಿದರೆ ಎಮ್ಮೆಗೆ ಮೈ ಕಾವೇರುತ್ತದಂತೆ. ಆಗ ಬರೀ ನೀರು, ಬೆನ್ನಿಗೆ ಒದ್ದೆ ಗೋಣಿ.

ಒಮ್ಮೆ ಚಾಳಿನಲ್ಲಿ ಯಾರದೋ ಪೂಜೆಯ ಊಟ ಉಳಿದಿತ್ತು. ನಾನು ಒಂದು ದೊಡ್ಡ ಪಾತ್ರೆ ಅನ್ನ ತೆಗೆದುಕೊಂಡು ಹೋದೆ. ಗೋಗ್ರಾಸ ಇಟ್ಟು ಉಣ್ಣುವ ಮನೆಯಲ್ಲಿ ಹುಟ್ಟಿದವಳು. ದನಕ್ಕೆ ಅನ್ನ ಹಾಕುವುದಕ್ಕಿಂತ ದೊಡ್ಡ ಪುಣ್ಯ ಇನ್ನೇನಿದೆ? ಚಾಚಾ ಪಾತ್ರೆಯನ್ನು ಕೈಯಲ್ಲಿ ತಡೆದರು.

"ಅನ್ನ ಬ್ಯಾಡ್ರಿ ತಂಗಿ. ಅದರ ಹೊಟ್ಟಿ ಹುಲ್ಲಿಗೆ ಮಾಡಿದ್ದು. ಹೊಸಾದು ಏನ ಹಾಕಿದ್ರೂ ಒಂದು ಮುಟಿಗಿಲೇ ಸುರು ಮಾಡಬೇಕು. ಒಮ್ಮೆಲೇ ಹಾಕಿದ್ರ ಒಳಗ ಹುಳಿ ಆಗ್ತದ."

ನನಗೆ ಸಿಟ್ಟು ಬಂತು. ನಾವು ತಿನ್ನುವ ಅನ್ನ ಎಮ್ಮೆಗೆ ಆಗುವುದಿಲ್ಲವಂತೆ, ಎಂಥ ದೌಲತ್ತು ಎಂದು ಮನಸ್ಸಿನಲ್ಲೇ ಬೈದುಕೊಂಡು ಬಂದೆ. ಅವರು ಹೇಳಿದ ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಮೂರು ಎಮ್ಮೆಗಳಲ್ಲಿ ಎರಡು ಹಾಲು ಕೊಡುತ್ತಿದ್ದವು. ಮೂರನೆಯವಳು ಮುನ್ನಿ. ಆ ವರ್ಷ ಅವಳ ಹಾಲು ಬತ್ತಿತ್ತು, ಹೊಟ್ಟೆಯಲ್ಲಿ ಕರು ಇತ್ತು. ಮುಂಬಯಿಯ ದೊಡ್ಡ ತಬೇಲಾಗಳಲ್ಲಿ ಹಾಲು ಬತ್ತಿದ ಎಮ್ಮೆಯನ್ನು ಕಟ್ಟಿ ಸಾಕುವವರು ಕಡಿಮೆ. ಅದನ್ನು ಕಸಾಯಿಗೆ ಕೊಟ್ಟು ಹಾಲಿನದನ್ನು ತರುತ್ತಾರೆ, ಬಸುರಿಯಾದರೂ ಬಿಡುವುದಿಲ್ಲ. ಕೊಂಡುಕೊಳ್ಳುವವರು ಚಾಚಾರ ಬಳಿಗೂ ಎರಡು ಮೂರು ಸಲ ಬಂದಿದ್ದರು. ಚಾಚಾ ಅವರಿಗೆ ಚಹಾ ಕುಡಿಸಿ ಕಳಿಸಿದರು. ಮುನ್ನಿ ಅವರ ಚಪ್ಪರದಲ್ಲೇ ಹುಟ್ಟಿದವಳು. ಅವಳ ತಾಯಿಯನ್ನು ಚಾಚಾರ ಹೆಂಡತಿ ಸಾಕಿದ್ದರಂತೆ. ಆ ಹೆಂಗಸು ತೀರಿಕೊಂಡು ಬಹಳ ವರ್ಷವಾಗಿತ್ತು. ಚಾಚಾರಿಗೆ ಮಕ್ಕಳಿರಲಿಲ್ಲ. ಅವರು ಇದನ್ನೆಲ್ಲ ಹೇಳಿಕೊಂಡು ಅಳುವ ಜಾತಿಯಲ್ಲ. "ಮಳಿ ಬಂದ ವಾರಕ್ಕ ಈಯತಾಳ" ಎಂದಷ್ಟೇ ಹೇಳುತ್ತಿದ್ದರು. ಮಳೆ ಬರುವತನಕ ಮುನ್ನಿಯನ್ನು ದಾಟಿಸಬೇಕು. ಆ ಬೇಸಿಗೆ ಅವರಿಗಿದ್ದದ್ದು ಅದೊಂದೇ ಲೆಕ್ಕ.

ಬೇಸಿಗೆ ಮಾತ್ರ ಹಿಂದೆಂದೂ ನೋಡದಂಥದ್ದು. ಹಿಂದಿನ ಮಳೆಗಾಲ ಅರ್ಧಕ್ಕೇ ಮುಗಿದಿತ್ತು. ಭಿವಂಡಿ, ವಾಡಾ ಕಡೆಯಿಂದ ಬರುವ ಒಣಹುಲ್ಲಿನ ಟ್ರಕ್ಕು ಮಾರ್ಚ್ ಹೊತ್ತಿಗೆ ವಾರಕ್ಕೊಮ್ಮೆ ಆಯಿತು, ಏಪ್ರಿಲ್ ಕೊನೆಗೆ ನಿಂತೇಹೋಯಿತು. ಬಂದದ್ದನ್ನೂ ದೊಡ್ಡ ತಬೇಲಾದವರು ದಾರಿಯಲ್ಲೇ ಇಳಿಸಿಕೊಳ್ಳುತ್ತಿದ್ದರು. ನಲ್ಲಿಯಲ್ಲಿ ನೀರು ಒಂದು ದಿನ ಬಿಟ್ಟು ಒಂದು ದಿನ. ಗುಡ್ಡದ ಮೇಲೆ ಹುಲ್ಲು ಸುಟ್ಟು ಕಪ್ಪಾಗಿತ್ತು. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ಎಂದು ನಾವು ಗಾದೆ ಹೇಳುತ್ತೇವಲ್ಲ, ಅದನ್ನು ಮಾಡಿದವರು ಎಮ್ಮೆಯನ್ನು ನೋಡಿಯೇ ಇಲ್ಲ. ನನ್ನ ಬಾಲ್ದಿಯಲ್ಲಿ ಉಳಿದ ತಳದ ನೀರನ್ನು ಚಾಚಾ ಅವುಗಳ ಬೆನ್ನಿಗೆ ಚಿಮುಕಿಸಿದರೆ ಮೂರೂ ಕಣ್ಣು ಮುಚ್ಚಿ ನಿಲ್ಲುತ್ತಿದ್ದವು.

ಚಾಚಾ ನಡೆಯತೊಡಗಿದರು. ಬೆಳಿಗ್ಗೆ ಹಾಲು ಹಾಕಿ ಬಂದವರು ಹೆಗಲಿಗೆ ಗೋಣಿಚೀಲ ಹಾಕಿಕೊಂಡು ಹೊರಟರೆ ಮಧ್ಯಾಹ್ನಕ್ಕೆ ವಾಪಸು. ಸ್ಟೇಷನ್ ಹತ್ತಿರದ ತರಕಾರಿ ಮಾರ್ಕೆಟ್ಟಿನಲ್ಲಿ ಹೂಕೋಸಿನ ಎಲೆ, ಮೂಲಂಗಿಯ ಸೊಪ್ಪು. ಹಣ್ಣಿನ ಗಾಡಿಗಳಿಂದ ಕಲ್ಲಂಗಡಿಯ ಸಿಪ್ಪೆ. ರಸ ಹಿಂಡಿದ ಕಬ್ಬಿನ ಸಿಪ್ಪೆಯನ್ನೂ ತಂದು ಕಲ್ಲಿನ ಮೇಲೆ ಜಜ್ಜಿ ಹಾಕುತ್ತಿದ್ದರು, ಬಾಯಾಡಿಸಲಿಕ್ಕಾದರೂ ಇರಲಿ ಎಂದು. ಮೇ ಬಂದ ಮೇಲೆ ಅದನ್ನು ಆರಿಸುವವರೂ ಹೆಚ್ಚಾದರು. ಆಗ ಅವರಿಗೆ ಸಿಕ್ಕಿದ್ದು ಮಳೆಮರದ ಕಾಯಿ.

ಮುಂಬಯಿಯ ರಸ್ತೆ ಬದಿಯಲ್ಲಿ ಕೊಡೆಯ ಹಾಗೆ ಹರಡಿ ನಿಂತ, ಗುಲಾಬಿ ಬಣ್ಣದ ಕುಚ್ಚಿನಂಥ ಹೂ ಬಿಡುವ ಆ ಮರಗಳು ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ಅವುಗಳ ಕಪ್ಪು ಕಾಯಿ ಉದುರಿ, ಕಾಲಡಿಗೆ ಸಿಕ್ಕಿ, ಚಪ್ಪಲಿಗೆ ಅಂಟಿಕೊಳ್ಳುತ್ತದೆ. ನಾನು ಅದನ್ನು ಬೈದುಕೊಂಡು ಕೆರೆದು ತೆಗೆದವಳೇ ಹೊರತು ತಿನ್ನುವ ವಸ್ತು ಎಂದು ತಿಳಿದವಳಲ್ಲ. ಚಾಚಾ ಒಂದು ದಿನ ಚೀಲ ತುಂಬ ತಂದು ಕಿಟಕಿಯ ಕೆಳಗೆ ನಿಂತು, ಒಂದು ಕಾಯಿಯನ್ನು ಒರೆಸಿ ನನಗೆ ಎಸೆದರು.

"ಕಚ್ಚಿ ನೋಡ್ರಿ."

"ಎಂತ ಚಾಚಾ, ನಾನು ಎಮ್ಮೆಯಾ?"

"ನೋಡ್ರಿ ಅಂದೆ."

ಕಚ್ಚಿದೆ. ಹಳೆ ಬೆಲ್ಲದಲ್ಲಿ ಹುಣಿಸೆ ಕಲಸಿದ ಹಾಗೆ ಸಿಹಿ. ಚಾಚಾ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಆ ಬೇಸಿಗೆಯಲ್ಲಿ ಅವರು ನಕ್ಕದ್ದನ್ನು ನೋಡಿದ ನೆನಪು ಅದೊಂದೇ...

ಆ ಕಾಯಿಯನ್ನೂ ಅವರು ಒಮ್ಮೆಲೇ ಹಾಕಲಿಲ್ಲ. ಮೊದಲ ದಿನ ಒಂದೊಂದು ಮುಷ್ಟಿ. ಮಾರನೆಯ ದಿನ ಸಗಣಿಯನ್ನು ಕಡ್ಡಿಯಲ್ಲಿ ಕೆದಕಿ ನೋಡಿ ಎರಡು ಮುಷ್ಟಿ. ಹದಿನೈದು ದಿನದಲ್ಲಿ ಅರ್ಧ ಬುಟ್ಟಿಗೆ ತಂದರು. ಎಮ್ಮೆಗಳ ಕಣ್ಣಿಗೆ ಕಳೆ ಬಂತು, ಹಾಲು ಇಳಿಯುವುದು ನಿಂತಿತು. ಮುನ್ನಿಯ ಪಕ್ಕೆ ಎಲುಬಿನ ಮೇಲೆ ಸ್ವಲ್ಪ ಮಾಂಸ ತುಂಬಿತು. ಚಾಚಾ ಏಳು ಚೀಲ ಕಾಯಿ ಒಣಗಿಸಿ ಚಪ್ಪರದ ಮೂಲೆಯಲ್ಲಿ ಒಟ್ಟಿದರು. ಒಂದಿಷ್ಟು ಒಣಹುಲ್ಲು ಸಿಕ್ಕಿದರೆ ಇಷ್ಟರಲ್ಲಿ ಮಳೆ ಮುಟ್ಟಬಹುದು ಎಂದರು.

ವಾಡಾದ ಆಚೆ ಒಬ್ಬರ ಬಳಿ ಹುಲ್ಲು ಇದೆ ಎಂದು ಸುದ್ದಿ ಬಂದದ್ದು ಮೇ ಕೊನೆಯ ವಾರ. ಚಾಚಾ ಬೆಳಕು ಹರಿಯುವಾಗಲೇ ಹೊರಟು ನಿಂತರು. ಕಿಟಕಿಯ ಕೆಳಗೆ ಬಂದು ಕರೆದರು.

"ತಂಗಿ, ಸಂಜಿ ಮುಂದ ಬರ್ತೀನಿ. ಮಧ್ಯಾಹ್ನ ಮೂರಕ್ಕೂ ಒಂದೊಂದು ಬಾಲ್ದಿ ಮುಸುರಿ ಕುಡಿಸ್ರಿ. ಬ್ಯಾರೆ ಏನೂ ಹಾಕಬ್ಯಾಡ್ರಿ. ಕೂಗ್ತಾವ, ಕೂಗ್ಲಿ."

"ಆಯ್ತು ಚಾಚಾ, ನೀವು ಹೋಗಿ ಬನ್ನಿ" ಎಂದೆ.

ಅಂದು ಕರೆಂಟು ಹೋಯಿತು. ಹಿಂದಿನ ಸಂಜೆ ರುಬ್ಬಿಟ್ಟ ಎರಡು ದೊಡ್ಡ ಡಬರಿ ಹಿಟ್ಟು ಹನ್ನೊಂದು ಗಂಟೆಯ ಹೊತ್ತಿಗೆ ಉಕ್ಕಿ ನೆಲಕ್ಕೆ ಬಂತು. ನಾಲಿಗೆಗಿಟ್ಟರೆ ಹಲ್ಲು ಚಳಿಯುವ ಹುಳಿ. ಯಾರಿಗೆ ಕೊಡುವುದು? ಅಷ್ಟೊಂದು ಅಕ್ಕಿಯ ಹಿಟ್ಟನ್ನು ಮೋರಿಗೆ ಸುರಿಯಬೇಕಲ್ಲ ಎಂದು ನನ್ನ ಹೊಟ್ಟೆ ಉರಿಯುತ್ತಿತ್ತು. ಅದೇ ಹೊತ್ತಿಗೆ ಕೆಳಗೆ ಎಮ್ಮೆಗಳು ಕೂಗಲು ಸುರುಮಾಡಿದವು. ಮುನ್ನಿಯ ಕೂಗು ಬೇರೆಯೇ ಇತ್ತು; ಉದ್ದಕ್ಕೆ ಎಳೆದು ಕೊನೆಯಲ್ಲಿ ಒಡೆಯುತ್ತಿತ್ತು. ಬಸುರಿ. ಅವಳ ಮುಂದೆ ಖಾಲಿ ತೊಟ್ಟಿ. ನನ್ನ ಮುಂದೆ ಎರಡು ಡಬರಿ ಹಿಟ್ಟು.

ಬಸುರಿ ಹಸಿದು ಕೂಗುವಾಗ ಕೊಡದವರಿಗೆ ಒಳ್ಳೆಯದಾಗುವುದಿಲ್ಲ ಎಂದು ನಮ್ಮ ಕಡೆ ಹೇಳುತ್ತಾರೆ. ಚಾಚಾ ಗಂಡಸು, ಅವರಿಗೆ ಬಸುರಿಯ ಸಂಕಟ ಎಲ್ಲಿಂದ ತಿಳಿಯಬೇಕು ಎಂದುಕೊಂಡೆ. ಹೌದು, ನಾನು ಹಾಗೆಯೇ ಅಂದುಕೊಂಡದ್ದು. ಇಪ್ಪತ್ತು ವರ್ಷ ಎಮ್ಮೆ ಕಟ್ಟಿದವರಿಗಿಂತ ನನಗೆ ಹೆಚ್ಚು ತಿಳಿದಿತ್ತು!

ಉಳಿದ ಎರಡಕ್ಕೂ ಬರೀ ಅಕ್ಕಚ್ಚು ಕೊಟ್ಟೆ. ಮುನ್ನಿಯ ಬಾಲ್ದಿಗೆ ಒಂದು ಡಬರಿ ಹಿಟ್ಟು ಸುರಿದು ಕಲಸಿದೆ. ಅವಳು ಉಸಿರು ತೆಗೆಯದೆ ಕುಡಿದು, ತಲೆ ಎತ್ತಿ ನನ್ನನ್ನು ನೋಡಿದಳು. ಎರಡನೆಯ ಡಬರಿಯನ್ನೂ ತಂದೆ. ಅದನ್ನೂ ಮುಗಿಸಿ ಬಾಲ್ದಿಯ ತಳವನ್ನು ನೆಕ್ಕಿದಳು, ಆಮೇಲೆ ನನ್ನ ಕೈಯನ್ನು. ನನ್ನ ಮನಸ್ಸು ತುಂಬಿಹೋಯಿತು. ಮನೆಗೆ ಬಂದು ಡಬರಿ ತೊಳೆಯುವಾಗ ಹಾಡು ಗುನುಗಿಕೊಂಡಿದ್ದೆ.

ಚಾಚಾ ಬಿಸಿಲು ಇಳಿಯುವಾಗ ಟೆಂಪೊದಲ್ಲಿ ಬಂದರು, ಅರ್ಧ ಟೆಂಪೊ ಹುಲ್ಲು. ಮುಖದಲ್ಲಿ ಗೆದ್ದು ಬಂದ ಕಳೆ. ಮೂರು ಪಾಲು ಮಾಡಿ ಹಾಕಿದರು. ಎರಡು ಎಮ್ಮೆ ಬಾಯಿ ಹಾಕಿದವು. ಮುನ್ನಿ ಹುಲ್ಲನ್ನು ಮೂಸಿ ಮುಖ ತಿರುಗಿಸಿದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಚಾಚಾ ಅವಳ ಕಿವಿ ಹಿಡಿದು ನೋಡಿದರು, ಎಡ ಪಕ್ಕೆಗೆ ಅಂಗೈ ಒತ್ತಿ ಬಹಳ ಹೊತ್ತು ನಿಂತರು. ಆಮೇಲೆ ತಲೆ ಎತ್ತಿದರು.

"ಮುನ್ನಿ ಮೆಲುಕ ಹಾಕವಲ್ಲಳು ತಂಗಿ. ಏನರ ಹಾಕಿದ್ರೇನ?"

"ಇಲ್ಲ ಚಾಚಾ. ಅಕ್ಕಚ್ಚು ಮಾತ್ರ ಕೊಟ್ಟದ್ದು."

ಯಾಕೆ ಹಾಗೆ ಹೇಳಿದೆ? ಆಗ ನನಗೆ ಹಿಟ್ಟಿನಿಂದ ಏನೋ ಆಗಿದೆ ಎಂದು ಗೊತ್ತಿರಲಿಲ್ಲ, ಬಿಸಿಲಿನ ಆಯಾಸ ಎಂದೇ ಅಂದುಕೊಂಡೆ, ದೇವರಾಣೆ. ಆದರೆ ಹಾಕಬೇಡಿ ಎಂದದ್ದನ್ನು ಹಾಕಿದ್ದೇನೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಬಾಯಿ ಮುಚ್ಚಿದೆ. ಅಷ್ಟು ಸಣ್ಣ ವಿಷಯಕ್ಕೆ... ಚಾಚಾ ತಲೆಯಾಡಿಸಿದರು. ಬಿಸಿಲು ಬಡಿದಿರಬೇಕು ಎಂದು ಗೋಣಿ ಒದ್ದೆ ಮಾಡಿ ಹೊದೆಸಿದರು. ಮನೆಗೆಂದು ಹಿಡಿದಿಟ್ಟ ಕುಡಿಯುವ ನೀರನ್ನೂ ಅವಳ ತಲೆಗೆ ಸುರಿದರು.

ಬೆಳಿಗ್ಗೆ ನೋಡಿದರೆ ಮುನ್ನಿ ನೆಲ ಹಿಡಿದಿದ್ದಳು. ಹಲ್ಲು ಕಡಿಯುವ ಸದ್ದು ನನ್ನ ಕಿಟಕಿಗೆ ಕೇಳುತ್ತಿತ್ತು. ಚಾಚಾ ಪಶುವೈದ್ಯರನ್ನು ಕರೆತಂದರು. ಮರಾಠಿ ಯುವಕರೊಬ್ಬರು, ನಿಧಾನ ಸ್ವಭಾವದವರು. ನಾನೂ ಇಳಿದುಹೋದೆ. ಅವರು ಮುನ್ನಿಯ ಬಾಯಿ ಬಿಡಿಸಿದ ತಕ್ಷಣ ಆ ವಾಸನೆ ಬಂತು. ನನ್ನ ಅಡಿಗೆಮನೆಯ ವಾಸನೆ.

ಹೊಟ್ಟೆಯೊಳಗೆಲ್ಲ ಹುಳಿ ಬಂದಿದೆ, ಹಿಟ್ಟೋ ಕಾಳೋ ಬಹಳ ತಿಂದಿರಬೇಕು ಎಂದರು ಡಾಕ್ಟರು. ಏನು ಹಾಕಿದಿರಿ ಎಂದು ಕೇಳಿದರು.

ಚಾಚಾ ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಹೇಳುತ್ತಿದ್ದೆನೋ ಏನೋ. ನನ್ನತ್ತ ಕೈ ತೋರಿಸಿ ಡಾಕ್ಟರಿಗೆ ಹೇಳಿದ ಅವರ ಹಿಂದಿ ಮಾತು ನನಗೆ ಇವತ್ತಿಗೂ ಕನ್ನಡದಲ್ಲೇ ಕೇಳುತ್ತದೆ: ಇವರೇ ಇದ್ದರು, ನೀರು ಬಿಟ್ಟು ಏನೂ ಕೊಟ್ಟಿಲ್ಲ, ಇವರು ಸುಳ್ಳು ಹೇಳುವವರಲ್ಲ. ಆಮೇಲೆ, ನಾನೇ ಹಾಕಿದ್ದೆ, ಮಳೆಮರದ ಕಾಯಿ, ಮೊನ್ನೆ ಒಂದು ಮುಷ್ಟಿ ಹೆಚ್ಚೇ ಹಾಕಿದೆ, ಎಂದರು.

ಹಾಗಾದರೆ ಅದೇ ಇರಬೇಕು ಎಂದರು ಡಾಕ್ಟರು. ಸೋಡಾಪುಡಿ ಕಲಸಿದ ನೀರನ್ನು ನಳಿಗೆಯಲ್ಲಿ ಹೊಟ್ಟೆಗೆ ಬಿಟ್ಟರು. ನಿನ್ನೆ ಸಂಜೆಯೇ ಇದನ್ನು ಕುಡಿಸಿದ್ದರೆ ಉಳಿಯಬಹುದಿತ್ತು, ಈಗ ತಡವಾಯಿತು ಎಂದರು. ಸೋಡಾಪುಡಿ! ನನ್ನ ಒಲೆಯ ಮೇಲಿನ ಹಲಗೆಯಲ್ಲಿ ಒಂದು ಡಬ್ಬಿ ತುಂಬ ಇತ್ತು. ದಿನಾ ಕೈ ಹಾಕುವ ಡಬ್ಬಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ನಾನು ಎಷ್ಟು ಜನರಿಗೆ ಹೇಳಿ ನಕ್ಕಿದ್ದೆನೋ.

ಆಗಲಾದರೂ ಹೇಳಬಹುದಿತ್ತು. ಈಗ ಎಲ್ಲ ಗೊತ್ತಾಗಿತ್ತು, ಗೊತ್ತಿರಲಿಲ್ಲ ಎನ್ನುವ ನೆವವೂ ಉಳಿದಿರಲಿಲ್ಲ. ಆದರೆ ಇವರು ಸುಳ್ಳು ಹೇಳುವವರಲ್ಲ ಎಂದ ಬಾಯಿಯ ಎದುರು ಹೇಗೆ ಹೇಳುವುದು? ಮಧ್ಯಾಹ್ನ ಮುನ್ನಿ ಸತ್ತಳು. ಹೊಟ್ಟೆಯಲ್ಲಿ ಕರು ಸ್ವಲ್ಪ ಹೊತ್ತು ಮಿಸುಕಿತು. ಚಾಚಾ ಅಲ್ಲಿ ಕೈ ಇಟ್ಟುಕೊಂಡೇ ಕುಳಿತಿದ್ದರು. ಮಿಸುಕಾಟ ನಿಂತ ಮೇಲೆ ಕೈ ತೆಗೆದರು.

"ನಾನ ಕೊಂದ್ನಿ ತಂಗಿ" ಎಂದರು. "ನನ್ನ ಕೈಲೇ ಕೊಂದ್ನಿ."

ಮನೆಯವರಿಗೆ ಎಲ್ಲ ಹೇಳಿದೆ. ಅವರು, "ಆದದ್ದು ಆಯ್ತು. ಈಗ ಹೇಳಿ ಎಂತ ಪ್ರಯೋಜನ? ಸತ್ತದ್ದು ಎದ್ದು ಬರ್ತದಾ?" ಎಂದರು. ನನಗೆ ಬೇಕಾಗಿದ್ದ ಮಾತೂ ಅದೇ. ಗಟ್ಟಿಯಾಗಿ ಹಿಡಿದುಕೊಂಡೆ.

ಪ್ರಯೋಜನ ಇತ್ತು. ಎರಡೇ ದಿನದಲ್ಲಿ ಅದು ಕಣ್ಣಿಗೆ ಬಿತ್ತು. ಚಾಚಾ ಮೂಲೆಯಲ್ಲಿ ಒಟ್ಟಿದ್ದ ಏಳು ಚೀಲ ಕಾಯಿಯನ್ನು ಒಂದೊಂದಾಗಿ ಹೊತ್ತುಕೊಂಡು ಹೋಗಿ ನಾಲೆಗೆ ಸುರಿದರು. ಬಿಸಿಲಿನಲ್ಲಿ ಏಳು ಸಲ ಹೋಗಿ ಬಂದರು. ನಾನು ಕಿಟಕಿಯಲ್ಲಿ ನಿಂತು ಏಳು ಸಲವೂ ನೋಡಿದೆ. ಕಾಯಿ ಒಳ್ಳೆಯದೇ ಚಾಚಾ, ಸುರಿಯಬೇಡಿ ಎಂದು ಕೂಗಿದ್ದರೆ ಸಾಕಿತ್ತು. ಕೂಗಿದರೆ ಮುಂದಿನ ಪ್ರಶ್ನೆ ಬರುತ್ತಿತ್ತು.

ಅರ್ಧ ಟೆಂಪೊ ಹುಲ್ಲು ಎರಡು ಎಮ್ಮೆಗೆ ಎಷ್ಟು ದಿನ? ಹಾಲು ಪೂರ್ತಿ ಇಳಿಯಿತು. ಪಕ್ಕೆಗಳು ಮತ್ತೆ ಎದ್ದು ಕಂಡವು. ಹೊಸ ಮೇವು ಏನು ಕಂಡರೂ ಚಾಚಾರಿಗೆ ಭಯ. ಹೂಕೋಸಿನ ಎಲೆಯನ್ನು ಕೈಯಲ್ಲಿ ಹಿಡಿದು ಹಾಕಲೋ ಬೇಡವೋ ಎಂದು ನಿಂತಿರುತ್ತಿದ್ದರು. ಇಪ್ಪತ್ತು ವರ್ಷ ಎರಡು ಕೈಯಲ್ಲಿ ಪಾಲು ತೂಗಿದ ಮನುಷ್ಯನಿಗೆ ತನ್ನ ಕೈಯ ಮೇಲೆ ನಂಬಿಕೆ ಹೋಗಿತ್ತು. ನನ್ನ ಅಕ್ಕಚ್ಚನ್ನು ಮಾತ್ರ ತಪ್ಪದೆ ತೆಗೆದುಕೊಂಡು ಹೋಗುತ್ತಿದ್ದರು. ಅದರ ಮೇಲೆ ಅವರಿಗೆ ಅನುಮಾನ ಬರಲೇ ಇಲ್ಲ. ಜೂನ್ ಮೊದಲ ವಾರ ಎರಡನ್ನೂ ದೊಡ್ಡ ತಬೇಲಾದವರಿಗೆ ಕೊಟ್ಟುಬಿಟ್ಟರು. ಮಳೆ ಬಂದದ್ದು ಅವು ಹೋದ ಎಂಟನೆಯ ದಿನ. ಆ ವರ್ಷ ಗುಡ್ಡ ಎಷ್ಟು ಹಸಿರಾಯಿತೆಂದರೆ ನೋಡಲು ಆಗುತ್ತಿರಲಿಲ್ಲ.

ಚಾಚಾ ಊರಿಗೆ ಹೊರಟ ದಿನ ಅವರ ಅಣ್ಣನ ಮಗ ಸಾಮಾನು ಸಾಗಿಸಲು ಬಂದಿದ್ದ. ಸಾಮಾನು ಎಂದರೆ ಒಂದು ಟ್ರಂಕು, ಕುಡುಗೋಲು, ಮೂರು ಹಗ್ಗ. ಚಾಚಾ ನೀಲಿ ಬಾಲ್ದಿಯನ್ನು ತಿಕ್ಕಿ ತೊಳೆದು ತಂದು ನನ್ನ ಬಾಗಿಲಲ್ಲಿ ಇಟ್ಟರು.

"ಇದು ನಿಮ್ಮ ಕಡೇನ ಇರ್ಲಿ. ನೀವು ಭಾಳ ಮಾಡೀರಿ ತಂಗಿ. ಅಲ್ಲಾ ನಿಮಗ ಚಲೋ ಮಾಡ್ಲಿ."

ನಾನು ಹೂಂ ಎಂದೆ. ಅಷ್ಟೇ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವಳು ನಾನು, ಉಂಡವರು ಅವರು.

ಈಗ ಆ ಚಾಳೂ ಇಲ್ಲ, ಚಪ್ಪರವೂ ಇಲ್ಲ. ಅಲ್ಲೇ ಎದ್ದ ಬಿಲ್ಡಿಂಗಿನ ಆರನೆಯ ಮಾಳಿಗೆಯಲ್ಲಿ ನಾನಿದ್ದೇನೆ. ಮನೆಯವರು ತೀರಿಹೋದ ಮೇಲೆ ಈ ವಿಷಯ ತಿಳಿದವಳು ನಾನೊಬ್ಬಳೇ ಉಳಿದೆ. ಈ ಮೇ ತಿಂಗಳ ಆ ಬೆಳಿಗ್ಗೆ ಹುಳಿ ಹಿಟ್ಟನ್ನು ಚೆಲ್ಲಿ, ನೆಲ ಒರೆಸಿ, ಹನ್ನೊಂದು ಗಂಟೆಗೆ ಸೀದಾ ಸ್ಟೇಷನ್ ರಸ್ತೆಗೆ ಹೋದೆ. ಚಾಚಾರ ಅಣ್ಣನ ಮಗ ಅಲ್ಲಿ ಕಲ್ಲಂಗಡಿಯ ಗಾಡಿ ಹಾಕುತ್ತಾನೆ ಎಂದು ನನಗೆ ಎರಡು ವರ್ಷದಿಂದ ಗೊತ್ತು. ಎರಡು ವರ್ಷದಿಂದ ಆ ಬದಿಯ ಫುಟ್‌ಪಾತು ಬಿಟ್ಟು ಈ ಬದಿಯಲ್ಲಿ ನಡೆಯುತ್ತಿದ್ದೆ.

ಅವನು ಗುರುತು ಹಿಡಿದ. ಚಾಚಾ ಹೇಗಿದ್ದಾರೆ ಎಂದು ಕೇಳಿದೆ.

"ಚಾಚಾ ಹೋಗಿ ನಾಕ ವರ್ಷ ಆತ್ರಿ ಮೌಶಿ."

ಊರಲ್ಲಿ ಎಮ್ಮೆ ಕಟ್ಟಿದ್ದರಾ ಎಂದೆ. ಇಲ್ಲ, ಮತ್ತೆ ಕಟ್ಟಲೇ ಇಲ್ಲ ಎಂದ. ಈ ಸಲ ಊರ ಕಡೆ ಬೇಸಿಗೆ ಹೇಗೆ ಎಂದು ಏನೋ ಕೇಳಬೇಕೆಂದು ಕೇಳಿದೆ. ಅವನು ಹಣ್ಣಿಗೆ ನೀರು ಚಿಮುಕಿಸುತ್ತ ಹೇಳಿದ.

"ಮೇವಽ ಇಲ್ರಿ. ದನ ಒಣಗಿ ಕಟಗಿ ಆಗ್ಯಾವ. ನಮ್ಮ ಸಾಲಿ ಮುಂದ ಇಂಥಾವ ಮರ ನಾಕ ಅದಾವ ನೋಡ್ರಿ" ಎಂದು ತಲೆಯ ಮೇಲಿನ ಮಳೆಮರವನ್ನು ತೋರಿಸಿದ. "ಕಾಯಿ ರಾಶಿ ಬೀಳ್ತಾವ. ಬಾಜೂ ಊರಾಗ ಹಾಕ್ತಾರಂತ. ನಮ್ಮಲ್ಲಿ ಯಾರೂ ಮುಟ್ಟಸೂದಿಲ್ಲ. ಚಾಚಾ ಎಲ್ಲಾರಿಗೂ ಹೇಳಿ ಹೋಗ್ಯಾನ, ಅದು ಇಷ ಅಂತ. ಗುಡಿಸಿ ಬೆಂಕಿ ಹಚ್ತಾರ."

ಹದಿನೈದು ವರ್ಷ ಹೊಟ್ಟೆಯಲ್ಲಿದ್ದದ್ದು ಅಲ್ಲೇ, ಕಲ್ಲಂಗಡಿಯ ಗಾಡಿಯ ಮುಂದೆ ಹೊರಗೆ ಬಂತು. ಕಾಯಿಯಿಂದ ಅಲ್ಲ, ನನ್ನ ಹಿಟ್ಟಿನಿಂದ ಎಂದೆ. ಎರಡು ಡಬರಿ ಎಂದೆ. ಚಾಚಾ ಕೇಳಿದಾಗ ಇಲ್ಲ ಎಂದದ್ದನ್ನೂ ಹೇಳಿದೆ. ಅವನು ಚಾಕು ಕೆಳಗಿಟ್ಟ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೊಬೈಲ್ ತೆಗೆದು ಊರಿಗೆ, ತನ್ನ ಅಪ್ಪನಿಗೆ, ಅಂದರೆ ಚಾಚಾರ ಅಣ್ಣನಿಗೆ ಹಚ್ಚಿ, ನೀವೇ ಹೇಳಿ ಎಂದು ನನ್ನ ಕೈಗೆ ಕೊಟ್ಟ.

ಮತ್ತೆ ಮೊದಲಿನಿಂದ ಎಲ್ಲವನ್ನೂ ಹೇಳಿದೆ. ಕಾಯಿ ಹಾಕಬಹುದು, ಮುಷ್ಟಿಯಿಂದ ಸುರುಮಾಡಿ ಹಾಕಿ, ಅದರಿಂದ ಏನೂ ಆಗುವುದಿಲ್ಲ, ತಪ್ಪು ನನ್ನದು ಎಂದೆ. ಫೋನಿನ ಆ ಕಡೆ ದೂರದಲ್ಲಿ ಒಂದು ದನ ಕೂಗುವುದು ಕೇಳಿತು.

"ನೀವು ಯಾರೋ ನನಗ ಗೊತ್ತಿಲ್ರಿ ಬಾಯಾರ" ಎಂದಿತು ಆ ಮುದಿ ಸ್ವರ, ಮರ್ಯಾದೆಯಿಂದಲೇ. "ನನ್ನ ತಮ್ಮ ತಾನಽ ಹಾಕಿ ಕೊಂದೆ ಅಂತ ಹೇಳ್ಯಾನ. ಅವ ಸುಳ್ಳು ಹೇಳೂ ಮನಶ್ಯಾ ಅಲ್ಲ."

ಫೋನು ಇಟ್ಟರು.

ನಾನು ಹಣ್ಣು ತೆಗೆದುಕೊಳ್ಳಲಿಲ್ಲ, ಅವನೂ ಕೊಡಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ ಚಪ್ಪಲಿಗೆ ಏನೋ ಅಂಟಿಕೊಂಡಿತು. ಮರದ ಕೆಳಗೆ ಫುಟ್‌ಪಾತಿನ ತುಂಬ ಕಪ್ಪು ಕಾಯಿ ಬಿದ್ದಿತ್ತು, ಜನ ತುಳಿದುಕೊಂಡು ಲೋಕಲ್ ಹಿಡಿಯಲು ಓಡುತ್ತಿದ್ದರು. ತುಳಿಯದ ಒಂದನ್ನು ಹೆಕ್ಕಿ ಸೆರಗಿನಲ್ಲಿ ಒರೆಸಿ ಕಚ್ಚಿದೆ. ಸಿಹಿಯಾಗಿಯೇ ಇತ್ತು.